ಅರ್ಧಂಬರ್ಧ ಸಿಕ್ಕ ಬುರುಡೆಯಿಂದ ವಂಶಮೂಲದ ಅಂದಾಜು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಎರೆ ಹೊಲದ ಬದುವಿನಲ್ಲಿ, ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ, ಕಬ್ಬಿನ ಗದ್ದೆಯ ಕಾಲುವೆಯಲ್ಲಿ ಬುರುಡೆ ಇಡಿಯಾಗಿ ಸಿಗುವುದು ಅಪರೂಪ. ಕಪಾಲ ಇದ್ದರೆ ಮುಖ ಇರುವುದಿಲ್ಲ, ಮುಖ ಇದ್ದರೆ ಮೂಗಿನ ಎಲುಬು ಇರುವುದಿಲ್ಲ. ಹಾಗಿದ್ದರೂ ವರದಿಯಲ್ಲಿ ವಂಶಮೂಲದ ಕಲಮನ್ನು ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಮೂಗಿನ ರಂಧ್ರ ಅಗಲ ಕಂಡಿತು ಎಂದು ಒಂದು ಸಾಲು ಗೀಚಿ ಮುಗಿಸುತ್ತಾರೆ. ಆ ಒಂದು ಸಾಲು ಕಾಣೆಯಾದವರ ಪಟ್ಟಿಯಿಂದ ಸರಿಯಾದ ಹೆಸರನ್ನೇ ಹೊಡೆದುಹಾಕಬಹುದು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಎಲುಬು ಪರೀಕ್ಷಿಸುವ ವಿಧಿವಿಜ್ಞಾನ ವಿದ್ಯಾರ್ಥಿಗಳಿಗೂ ನ್ಯಾಯವೈದ್ಯಶಾಸ್ತ್ರದ ಸ್ನಾತಕೋತ್ತರ ವೈದ್ಯರಿಗೂ ಈ ಕೆಲಸದ ಕ್ರಮ ಕೆಳಗಿದೆ. ಮೊದಲೇ ಒಂದು ಮಾತು: ವಂಶಮೂಲ ಎಂದರೆ ಆ ವ್ಯಕ್ತಿಯ ಪೂರ್ವಜರು ಜಗತ್ತಿನ ಯಾವ ಭೂಭಾಗದ ಜನಸಮೂಹಕ್ಕೆ ಹತ್ತಿರ ಎಂಬ ಸಂಭವನೀಯತೆ, ಅಷ್ಟೇ. ಬುರುಡೆ ನೋಡಿ ಜಾತಿ, ಧರ್ಮ, ಮಾತೃಭಾಷೆ, ಜಿಲ್ಲೆ ಹೇಳುವುದಕ್ಕೆ ಬರುವುದಿಲ್ಲ. ತನಿಖಾಧಿಕಾರಿ ಕೇಳಿದರೂ ಹೇಳಬೇಡಿ.

ಹಂತ 1: ಕಾಗದಪತ್ರ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194ರಡಿ ಮರಣ ವಿಚಾರಣೆ ನಡೆದು ಪಂಚನಾಮೆ ಆಗಿರಬೇಕು. 2024ರ ಜುಲೈ 1ಕ್ಕೆ ಮೊದಲಿನ ಪ್ರಕರಣಗಳಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 174 ಎಂದು ಬರೆದಿರುತ್ತದೆ. ಹೂತದ್ದನ್ನು ಮೇಲೆತ್ತುವುದಾದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಗುದ್ದಲಿ ಮುಟ್ಟಬೇಡಿ. ಮುದ್ರೆ ಒಡೆದ ಪೊಟ್ಟಣ ಬಂದರೆ ತೆರೆಯುವ ಮುನ್ನವೇ ಫೋಟೊ ತೆಗೆದು ಟಿಪ್ಪಣಿ ಬರೆಯಿರಿ.

ಹಂತ 2: ಸಲಕರಣೆ

ಸ್ಲೈಡಿಂಗ್ ಕ್ಯಾಲಿಪರ್, 300 ಮಿ.ಮೀ. ತನಕ ತೆರೆಯುವ ಸ್ಪ್ರೆಡಿಂಗ್ ಕ್ಯಾಲಿಪರ್, ಬಡಗಿಗಳು ಬಳಸುವಂಥ ಕಾಂಟೂರ್ ಗೇಜ್ (ಹಲ್ಲುಗಳು ಸಣ್ಣದಿರಲಿ), ಪಾರದರ್ಶಕ ಮಿ.ಮೀ. ಪಟ್ಟಿ, ಎಲ್ ಆಕಾರದ ಎಬಿಎಫ್‌ಓ ನಂ. 2 ಫೋಟೊ ಅಳತೆಪಟ್ಟಿ, 4 ಮಿ.ಮೀ. ಮತ್ತು 2 ಮಿ.ಮೀ. ಜರಡಿ, ಮೆತ್ತನೆಯ ಕುಂಚ, ಬಿದಿರಿನ ಕಡ್ಡಿ, ಮರಳಿನ ಟ್ರೇ, ಬುರುಡೆ ಕೂರಿಸಲು ಬಟ್ಟೆಯ ಸಿಂಬಿ, ಕಾಗದದ ಚೀಲ. ಅಂಟಿಗೆ ಪ್ಯಾರಾಲಾಯ್ಡ್ ಬಿ-72 (ಅಸಿಟೋನಿನಲ್ಲಿ ಕರಗುವ ಅಕ್ರಿಲಿಕ್ ರಾಳ) ಮತ್ತು ಅಸಿಟೋನ್.

ಫೆವಿಕ್ವಿಕ್ ಜಾತಿಯ ಅಂಟು ಬೇಡ. ತುಂಡು ಒಮ್ಮೆ ತಪ್ಪಾಗಿ ಕೂತರೆ ಎಲುಬಿನ ಪದರ ಕೀಳದೆ ಬಿಡಿಸುವುದು ಬಲು ಕಷ್ಟ. ಬಿ-72 ಅಂಟಿಗೆ ಅಸಿಟೋನ್ ಹನಿಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲವೂ ಬೇಡ. ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ.

ಹಂತ 3: ಮಣ್ಣು ನೋಡಿ ಎತ್ತುವುದು

ಅರ್ಧಕ್ಕರ್ಧ ಲಕ್ಷಣಗಳು ನಾಶವಾಗುವುದು ಇಲ್ಲೇ, ಎತ್ತುವ ಹೊತ್ತಿನಲ್ಲಿ. ವಂಶಮೂಲಕ್ಕೆ ಬೇಕಾದದ್ದು ಮುಖದ ನಡುಭಾಗ, ಬುರುಡೆಯಲ್ಲಿ ಎಲ್ಲಕ್ಕಿಂತ ತೆಳುವಾದದ್ದೂ ಅದೇ. ಕಣ್ಣುಗುಳಿಗೆ ಬೆರಳು ತೂರಿಸಿ ಎತ್ತುವ ಅಭ್ಯಾಸವನ್ನು ಮೊದಲು ಬಿಡಬೇಕು.

ಎರೆಮಣ್ಣು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷ ವರ್ಷ ಹಾಗೆ ಹಿಂಡಿಸಿಕೊಂಡ ಬುರುಡೆ ಒಡೆಯದೆಯೂ ಒಂದು ಮಗ್ಗುಲಿಗೆ ಸೊಟ್ಟಗಾಗಿರುತ್ತದೆ. ಕಪಾಲದೊಳಗೆ ತುಂಬಿದ ಎರೆ ಪೂರ್ತಿ ಒಣಗಿದರೆ ಕಲ್ಲಾಗಿ ಒಳಪದರವನ್ನು ಕಿತ್ತುಕೊಂಡೇ ಬರುತ್ತದೆ. ನೀರಲ್ಲಿ ನೆನೆಸಿದರೆ ಉಬ್ಬಿ ಹೊಲಿಗೆ ಬಿಚ್ಚುತ್ತದೆ. ತುಸು ತೇವ ಇರುವಾಗಲೇ ಬಿದಿರಿನ ಕಡ್ಡಿಯಿಂದ ಚೂರುಚೂರಾಗಿ ತೆಗೆಯುವುದೊಂದೇ ದಾರಿ. ಮುಖದ ಸುತ್ತಲಿನ ಮಣ್ಣನ್ನು ಅಲ್ಲಿ ಬಿಡಿಸಬೇಡಿ. ಹೆಂಟೆಯ ಸಮೇತ ಎತ್ತಿ ಮೇಜಿನ ಮೇಲೆ ಬಿಡಿಸಿ.

ಬೇಸಿಗೆಯಲ್ಲಿ ಎರೆ ಹೊಲ ಮೊಳಗಟ್ಟಲೆ ಆಳಕ್ಕೆ ಬಿರಿಯುತ್ತದೆ. ಒಂದೇ ಬೇರಿನ ಮುಂದಿನ ಹಲ್ಲುಗಳು ಸತ್ತ ಮೇಲೆ ಸಡಿಲವಾಗಿ ಆ ಬಿರುಕಿಗೆ ಬೀಳುತ್ತವೆ. ಬುರುಡೆ ಇದ್ದ ಜಾಗದ ಮಣ್ಣು ಮಾತ್ರವಲ್ಲ, ಬಿರುಕುಗಳ ಮಣ್ಣನ್ನೂ 2 ಮಿ.ಮೀ. ಜರಡಿಗೆ ಹಾಕಿ. ಅಪೂರ್ಣ ಬುರುಡೆಯ ಕೆಲಸದಲ್ಲಿ ಯಾವ ಸಾಫ್ಟ್‌ವೇರಿಗಿಂತಲೂ ಜರಡಿಯೇ ದೊಡ್ಡದು.

ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು: ಮಳೆ ಹೆಚ್ಚು, ಮಣ್ಣು ಹುಳಿ. ಎಲುಬು ಸೀಮೆಸುಣ್ಣದಂತೆ ಪುಡಿಯಾಗುತ್ತದೆ, ಹಲ್ಲಿನ ಎನಾಮಲ್ ಮಾತ್ರ ಉಳಿಯುತ್ತದೆ. ಪುಡಿಯಾಗುವ ಭಾಗಕ್ಕೆ ಅಸಿಟೋನಿನಲ್ಲಿ 5 ಶೇಕಡಾ ಬಿ-72 ಹನಿಸಬಹುದು. ಆದರೆ ಡಿಎನ್‌ಎ ಮಾದರಿ ತೆಗೆದ ನಂತರ, ಅದೂ ಎಲುಬು ಒಣಗಿದ ಮೇಲೆ. ಒದ್ದೆ ಎಲುಬಿನ ಮೇಲೆ ಹಾಕಿದರೆ ಬಿಳಿ ಪೊರೆ ಕಟ್ಟಿ ಲಕ್ಷಣವೇ ಮುಚ್ಚಿಹೋಗುತ್ತದೆ.

ಹೊಳೆ ಮತ್ತು ಹಿನ್ನೀರು: ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರಿನಲ್ಲಿ ಉರುಳಿದ ಬುರುಡೆಯ ಅಂಚುಗಳು ಸವೆಯುತ್ತವೆ. ಸವೆದ ಮೂಗಿನ ರಂಧ್ರ ಅಗಲವಾಗಿ ಕಾಣುತ್ತದೆ. ಅದರ ಕೆಳಗಿನ ಹೊಸ್ತಿಲು ಮಾಯವಾಗಿ ಜಾರು ಇದ್ದಂತೆ ತೋರುತ್ತದೆ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸವೆಯದ ಸಹಜ ಅಂಚು ನುಣುಪಾದ ಹೊರಪದರದಿಂದ ಮುಚ್ಚಿರುತ್ತದೆ, ಸವೆದ ಅಂಚಿನಲ್ಲಿ ಒಳಗಿನ ಸ್ಪಂಜಿನಂಥ ರಚನೆ ಬಯಲಾಗಿರುತ್ತದೆ. ಸ್ಪಂಜು ಕಂಡರೆ ಆ ಲಕ್ಷಣವನ್ನು ಲೆಕ್ಕದಿಂದ ಬಿಡಿ.

ಹಂತ 4: ಮನುಷ್ಯನದ್ದೇ, ಒಬ್ಬರದ್ದೇ, ಈ ಕಾಲದ್ದೇ?

ಹೊಳೆದಂಡೆಯಲ್ಲಿ ಆಮೆ ಚಿಪ್ಪಿನ ಚೂರು ಕಪಾಲದ ಚೂರಿನಂತೆಯೇ ಕಾಣುತ್ತದೆ. ಮನುಷ್ಯನ ಕಪಾಲದ ಅಡ್ಡಕೊಯ್ತದಲ್ಲಿ ಗಟ್ಟಿ ಪದರ, ನಡುವೆ ಸ್ಪಂಜು, ಮತ್ತೆ ಗಟ್ಟಿ ಪದರ ಹೀಗೆ ಮೂರು ಸ್ತರ ಇರುತ್ತವೆ. ಒಳಮೈಯಲ್ಲಿ ರಕ್ತನಾಳ ಹಾದುಹೋದ ಕವಲುಗೆರೆಗಳಿರುತ್ತವೆ.

ಎಡ ಕೆನ್ನೆ ಎಲುಬು ಎರಡು ಸಿಕ್ಕರೆ ಇಬ್ಬರಿದ್ದಾರೆ ಎಂದೇ ಅರ್ಥ. ಇಬ್ಬರ ತುಂಡು ಸೇರಿಸಿ ಒಂದು ಬುರುಡೆ ಕಟ್ಟಿ ಅದಕ್ಕೊಂದು ವಂಶಮೂಲ ಕೊಟ್ಟರೆ ಮುಂದಿನದೆಲ್ಲ ಸುಳ್ಳು.

ಹಳೆಯದೋ ಹೊಸದೋ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಜಟಿಲ. ಎರೆಮಣ್ಣು ಹೊಸ ಎಲುಬಿಗೂ ಕಪ್ಪು ಬಣ್ಣ ಹಿಡಿಸುವುದರಿಂದ ಬಣ್ಣ ನೋಡಿ ತೀರ್ಮಾನಿಸಬೇಡಿ. ಸಿಮೆಂಟು ತುಂಬಿದ ಹಲ್ಲು, ಕ್ಯಾಪ್, ಲೋಹದ ಪ್ಲೇಟು ಇದ್ದರೆ ಈ ಕಾಲದ್ದು. ಬುರುಡೆ ಗುಂಡಿಯ ತಳದಲ್ಲಿ ಸೊಂಟದ ಎಲುಬಿನ ಬಳಿ ಬಿದ್ದಿದ್ದು, ಸುತ್ತ ವಿಭೂತಿ, ಇಷ್ಟಲಿಂಗ ಸಿಕ್ಕರೆ ಕುಳ್ಳಿರಿಸಿ ಮಾಡಿದ ಲಿಂಗಾಯತ ಸಮಾಧಿ ಇರಬಹುದು. ದೇಹ ಕರಗಿದಂತೆ ತಲೆ ಕೆಳಗೆ ಜಾರುತ್ತದೆ, ಅದನ್ನು ಕಡಿದ ತಲೆ ಎಂದುಕೊಳ್ಳಬೇಡಿ. ಉತ್ತರಕ್ಕೆ ತಲೆ, ಪಶ್ಚಿಮಕ್ಕೆ ಮುಖ ಮಾಡಿ ಬಲಮಗ್ಗುಲಿಗೆ ಮಲಗಿಸಿದ್ದರೆ ಖಬರಸ್ತಾನದ ಹಳೆಯ ಗಡಿ ಎಲ್ಲಿತ್ತು ಎಂದು ಕಂದಾಯ ನಕ್ಷೆ ನೋಡಿ. ಐಹೊಳೆಯ ಮೇಗುತಿ ಗುಡ್ಡದಲ್ಲಿ ಇರುವಂಥ ಕಲ್ಲುಚಪ್ಪಡಿಯ ಗೋರಿ ಕಂಡರೆ ಕೆಲಸ ನಿಲ್ಲಿಸಿ ಪುರಾತತ್ವದವರಿಗೆ ತಿಳಿಸಿ. ಇವೆಲ್ಲ ಗುಂಡಿ ಕೊಡುವ ಸುಳಿವು, ಬುರುಡೆಯ ಆಕಾರ ಕೊಡುವುದಲ್ಲ. ವರದಿಯಲ್ಲಿ ಎರಡನ್ನೂ ಬೆರೆಸಬೇಡಿ.

ಹಂತ 5: ಡಿಎನ್‌ಎ ಪಾಲು ಮೊದಲು, ತೊಳೆಯುವುದು ಆಮೇಲೆ

ಕಿವಿಯ ಒಳಭಾಗವನ್ನು ಹೊತ್ತ ಪೆಟ್ರಸ್ ಎಲುಬು ಮತ್ತು ಹುಳುಕಿಲ್ಲದ ದವಡೆ ಹಲ್ಲು ಡಿಎನ್‌ಎಗೆ ಒಳ್ಳೆಯ ಮಾದರಿ. ಕೈಗವಸು, ಮಾಸ್ಕ್ ಹಾಕಿ ಬೇರೆ ಚೀಲಕ್ಕೆ ಹಾಕಿ, ತೊಳೆಯಬೇಡಿ. ಕೊರೆಯುವ ಮುನ್ನ ಆ ಭಾಗದ ಅಳತೆ, ಫೋಟೊ, ಸಾಧ್ಯವಾದರೆ ಸಿಟಿ ಸ್ಕ್ಯಾನ್ ಮುಗಿದಿರಲಿ. ಉಳಿದದ್ದನ್ನು ಒಣ ಕುಂಚದಿಂದ ಶುಚಿ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಲ್ಲು ಸೀಳುತ್ತದೆ.

ಹಂತ 6: ತುಂಡು ಜೋಡಿಸುವುದು

ಕಪಾಲವನ್ನು ಬೇರೆ, ಮುಖವನ್ನು ಬೇರೆ ಜೋಡಿಸಿ, ಕೊನೆಗೆ ಎರಡನ್ನೂ ಸೇರಿಸಿ. ಮೊದಲು ಎಲ್ಲವನ್ನೂ ಅಂಟಿಲ್ಲದೆ ಮರಳಿನ ಟ್ರೇಯಲ್ಲಿ ಹೊಂದಿಸಿ ನೋಡಿ. ಆಮೇಲೆ ಅಸಿಟೋನಿನಲ್ಲಿ ಸುಮಾರು 50 ಶೇಕಡಾ ಬಿ-72ರ ಗಟ್ಟಿ ದ್ರಾವಣ ಹಚ್ಚಿ, ಭಾರ ನೇರ ಕೆಳಗೆ ಬೀಳುವಂತೆ ಮರಳಲ್ಲಿ ನಿಲ್ಲಿಸಿ.

ಪ್ರತಿ ಜೋಡಣೆಯಲ್ಲೂ ಅರ್ಧ ಮಿ.ಮೀ. ಸಂದು ಉಳಿದರೆ ಆರನೆಯ ಜೋಡಣೆ ಮುಗಿಯುವಷ್ಟರಲ್ಲಿ ಅದು ಒಟ್ಟು 3 ಮಿ.ಮೀ. ಆಗಿರುತ್ತದೆ. ಕೊನೆಯ ತುಂಡು ಕೂರದಿದ್ದರೆ ಉಜ್ಜಿ ಕೂರಿಸಬೇಡಿ. ತಪ್ಪು ಇರುವುದು ಹಿಂದಿನ ಜೋಡಣೆಗಳಲ್ಲಿ, ಬಿಚ್ಚಿ ಮತ್ತೆ ಮಾಡಿ. ಎಲ್ಲ ಅಂಚೂ ಹರಿತವಾಗಿದ್ದೂ ಮುಚ್ಚಿಕೊಳ್ಳದಿದ್ದರೆ ಎಲುಬೇ ಸೊಟ್ಟಗಾಗಿದೆ ಎಂದರ್ಥ. ಆಗ ಆ ಭಾಗದ ಅಳತೆ ತೆಗೆದುಕೊಳ್ಳಲೇಬಾರದು. ಖಾಲಿ ಜಾಗಕ್ಕೆ ಮೇಣ ತುಂಬಿ ಅದರ ಮೇಲೆ ಕ್ಯಾಲಿಪರ್ ಇಡುವವರಿದ್ದಾರೆ. ಅದು ನಿಮ್ಮ ಕೈಯ ಅಳತೆ, ಸತ್ತವರದ್ದಲ್ಲ.

ಸುಟ್ಟ ಬುರುಡೆಯಾದರೆ ಬಣ್ಣ ನೋಡಿ. ಬೂದು-ನೀಲಿಯಿಂದ ಬಿಳಿಗೆ ತಿರುಗಿದ ಎಲುಬು ಕುಗ್ಗಿ ತಿರುಚಿಕೊಂಡಿರುತ್ತದೆ. ಅದರಿಂದ ವಂಶಮೂಲ ಹೇಳುವ ಪ್ರಯತ್ನವೇ ಬೇಡ.

ಹಂತ 7: ವಯಸ್ಸು, ನಂತರ ಲಿಂಗ

ಬುರುಡೆಯ ತಳದಲ್ಲಿ ಸ್ಫೀನಾಯ್ಡ್ ಮತ್ತು ಹಿಂದಲೆ ಎಲುಬುಗಳ ನಡುವಿನ ಸಂದು ಇನ್ನೂ ತೆರೆದಿದ್ದರೆ ಅದು ಬೆಳೆಯುತ್ತಿದ್ದ ದೇಹ. ವಯಸ್ಕರ ಮುಖಲಕ್ಷಣಗಳ ಪಟ್ಟಿ ಅದಕ್ಕೆ ಸಲ್ಲದು, ವಂಶಮೂಲದ ಕಲಮಿನಲ್ಲಿ ‘ನಿರ್ಧರಿಸಿಲ್ಲ’ ಎಂದು ಬರೆದು ಮುಂದೆ ಹೋಗಿ. ಹಲ್ಲೆಲ್ಲ ಬಿದ್ದು ವಸಡಿನ ಎಲುಬು ಕರಗಿದ ವೃದ್ಧರಲ್ಲಿ ಅಂಗುಳದ ಆಕಾರ, ಮುಖದ ಎತ್ತರ, ಮೇಲ್ದವಡೆಯ ಮುಂಚಾಚು ಮೂರೂ ಬದಲಾಗಿರುತ್ತವೆ, ಅವೂ ಹೊರಗೆ.

ಲಿಂಗವನ್ನು ಹುಬ್ಬಿನ ಉಬ್ಬು, ಕಣ್ಣುಗುಳಿಯ ಮೇಲಂಚು, ಕಿವಿ ಹಿಂದಿನ ಮಾಸ್ಟಾಯ್ಡ್, ಹಿಂದಲೆಯ ಏಣು, ಗದ್ದ ಈ ಐದರ 1ರಿಂದ 5ರ ಅಂಕಗಳಿಂದ ನೋಡಿ. ಇದು ಮೊದಲಾಗಬೇಕು, ಏಕೆಂದರೆ ಅಳತೆಯ ಹೋಲಿಕೆ ಗುಂಪುಗಳು ಗಂಡು-ಹೆಣ್ಣು ಬೇರೆ ಬೇರೆ ಇರುತ್ತವೆ. ಹೆಣ್ಣಿನ ಸಣ್ಣ ಬುರುಡೆಯನ್ನು ಗಂಡಿನ ಗುಂಪುಗಳ ಜೊತೆ ಇಟ್ಟರೆ ಗಾತ್ರ ಚಿಕ್ಕದಿರುವ ಯಾವುದೋ ದೂರದ ಜನಸಮೂಹದ ಹೆಸರು ಬರುತ್ತದೆ.

ಹಂತ 8: ಏನಿದೆ ಎಂಬ ಪಟ್ಟಿ

ಒಂದು ಹಾಳೆಯಲ್ಲಿ ಬುರುಡೆಯ ಚಿತ್ರ ಬರೆದು, ಇರುವ ಭಾಗಕ್ಕೆ ಮಾತ್ರ ಬಣ್ಣ ತುಂಬಿ. ವಿಧಾನ ಆಯುವುದು ಈ ಹಾಳೆ ನೋಡಿಯೇ.

ಮುಖದ ನಡುಭಾಗ ಇದ್ದರೆ ಹಂತ 9 ಮತ್ತು 10 ಎರಡನ್ನೂ ಮಾಡಿ. ಕಪಾಲ ಮಾತ್ರ ಇದ್ದರೆ ಉದ್ದ-ಅಗಲ ತೆಗೆಯಬಹುದು, ಆದರೆ ಅದರಿಂದ ಬರುವ ಉತ್ತರ ತೀರಾ ದುರ್ಬಲ. ತೊಟ್ಟಿಲಲ್ಲಿ ಸದಾ ಅಂಗಾತ ಮಲಗಿ ಬೆಳೆದ ಮಗುವಿನ ಹಿಂದಲೆ ಚಪ್ಪಟೆಯಾಗಿ, ಉದ್ದ-ಅಗಲದ ಸೂಚ್ಯಂಕವೇ ಬದಲಾಗಿರುತ್ತದೆ. ಬುರುಡೆಯ ತಳ ಮಾತ್ರ ಇದ್ದರೆ ಲಿಂಗಕ್ಕೆ ಅಷ್ಟಿಷ್ಟು ಉಪಯೋಗ, ವಂಶಮೂಲಕ್ಕೆ ಇಲ್ಲ. ಕೆಳದವಡೆ ಒಂದೇ ಇದ್ದರೂ ಬಹುತೇಕ ಅದೇ ಕಥೆ.

ಹಂತ 9: ಮುಖಲಕ್ಷಣಗಳಿಗೆ ಅಂಕ

ಅಮೆರಿಕದ ವಿಧಿವಿಜ್ಞಾನ ಮಾನವಶಾಸ್ತ್ರಜ್ಞ ಜೋಸೆಫ್ ಹೆಫ್ನರ್ 2009ರಲ್ಲಿ ವ್ಯಾಖ್ಯೆ ಸಮೇತ ಕೊಟ್ಟ 11 ಲಕ್ಷಣಗಳ ಪಟ್ಟಿ ಇಂದು ಸಾಮಾನ್ಯವಾಗಿ ಬಳಕೆಯಲ್ಲಿದೆ. ಕಣ್ಣಂದಾಜಿನಲ್ಲಿ ‘ಅಗಲ’, ‘ಚಪ್ಪಟೆ’ ಎನ್ನುವುದನ್ನು ಬಿಟ್ಟು ಅದರ ರೇಖಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಅಂಕ ಕೊಡಿ. ಜೋಡಿ ಭಾಗಗಳಲ್ಲಿ ಎಡಗಡೆಯದು, ಅದು ಇಲ್ಲದಿದ್ದರೆ ಬಲಗಡೆಯದು.

ಮೂಗಿನ ರಂಧ್ರದ ಕೆಳಅಂಚು: 1ರಿಂದ 5. ಬೆರಳನ್ನು ಒಳಗಿನಿಂದ ಹೊರಕ್ಕೆ ಜಾರಿಸಿ. ತಡೆಯಿಲ್ಲದೆ ಇಳಿದರೆ 1, ಹೊಸ್ತಿಲಿನಂತೆ ಸ್ಪಷ್ಟ ಏಣು ತಡೆದರೆ 5.

ಮೂಗಿನ ಮುಂಮುಳ್ಳು: 1ರಿಂದ 3. ಮೊದಲು ಮುರಿಯುವುದು ಇದೇ. ಬುಡದಲ್ಲಿ ಹೊಸ ಮುರಿತದ ತಿಳಿಬಣ್ಣ ಇದ್ದರೆ ಅಂಕ ಕೊಡಬೇಡಿ, ಮೊಂಡು ಮುಳ್ಳನ್ನು ‘ಅಲ್ಪ’ ಎಂದು ಬರೆಯುವ ತಪ್ಪು ತುಂಬ ನಡೆಯುತ್ತದೆ.

ಮೂಗಿನ ಎಲುಬಿನ ಮೇಲ್ಮೈ: 0ಯಿಂದ 4. ಮೂಗಿನ ಬುಡದಿಂದ ಸುಮಾರು 1 ಸೆಂ.ಮೀ. ಕೆಳಗೆ ಕಾಂಟೂರ್ ಗೇಜನ್ನು ಲಂಬವಾಗಿ ಒತ್ತಿ, ಬಂದ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದುಕೊಳ್ಳಿ. ತಗ್ಗಿದ ಗುಂಡು ಆಕಾರ 0, ತ್ರಿಕೋನ 4. ಪೊಳ್ಳಾದ ಎಲುಬಿಗೆ ಗೇಜ್ ಒತ್ತಿದರೆ ಮುರಿಯುತ್ತದೆ, ಆಗ ಮೇಲಿನಿಂದ ಫೋಟೊ ಸಾಕು.

ಕೆನ್ನೆಯ ಉಬ್ಬು: 0ಯಿಂದ 3. ಕೆನ್ನೆ ಎಲುಬಿನ ಕೆಳಅಂಚಿಗೆ ಪಾರದರ್ಶಕ ಪಟ್ಟಿ ಹಿಡಿದು, ಪಟ್ಟಿಯ ಆಚೆ ಎಷ್ಟು ಚಾಚಿದೆ ನೋಡಿ. 2 ಮಿ.ಮೀ. ಒಳಗಿದ್ದರೆ 1, 2ರಿಂದ 4 ಇದ್ದರೆ 2, ಅದಕ್ಕೂ ಹೆಚ್ಚಿದ್ದರೆ 3.

ಕಣ್ಣುಗುಳಿಗಳ ನಡುವಿನ ಅಗಲ, ಮೂಗಿನ ರಂಧ್ರದ ಅಗಲ, ಮೂಗಿನ ಎಲುಬಿನ ತುದಿಚಾಚು, ನೆತ್ತಿಯ ಹಿಂದಿನ ತಗ್ಗು, ಮತ್ತು ಕೆನ್ನೆ, ಅಂಗುಳ, ಮೂಗಿನ ಬುಡದ ಮೂರು ಹೊಲಿಗೆಗಳು ಉಳಿದವು. ವಯಸ್ಸಾದವರಲ್ಲಿ ಹೊಲಿಗೆ ಅಳಿಸಿಹೋಗಿರುತ್ತದೆ, ಊಹಿಸಬೇಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಭಾಗವೇ ಇಲ್ಲದಿದ್ದರೆ ಕೆಲವರು 0 ಬರೆಯುತ್ತಾರೆ. ಈ ಪಟ್ಟಿಯಲ್ಲಿ 0 ಎಂದರೆ ಭಾಗ ಇದೆ ಎಂದೇ ಅರ್ಥ: ಲಕ್ಷಣ ಇಲ್ಲ, ಇಲ್ಲವೇ ಮೂಗಿನ ಎಲುಬಿನಲ್ಲಿದ್ದಂತೆ ಅದೂ ಒಂದು ಆಕಾರದ ಅಂಕ. ಭಾಗ ಕಳೆದಿದ್ದರೆ ಅಡ್ಡಗೆರೆ ಎಳೆಯಿರಿ. ಈ ಒಂದು ಗಲಿಬಿಲಿಯಿಂದಲೇ ಮುರಿದ ಬುರುಡೆ ಬೇರೆ ಖಂಡಕ್ಕೆ ಹೋಗಿರುತ್ತದೆ.

ಇಬ್ಬರು ಪರಸ್ಪರ ನೋಡದೆ ಅಂಕ ಕೊಡಿ, ಹೊಂದದ ಲಕ್ಷಣವನ್ನು ಒಟ್ಟಿಗೆ ಮರುಪರಿಶೀಲಿಸಿ. ಯಾರದ್ದಿರಬಹುದು ಎಂಬ ಪೊಲೀಸರ ಅನುಮಾನವನ್ನು ಅಂಕ ಮುಗಿಯುವ ತನಕ ಕೇಳಿಸಿಕೊಳ್ಳಬೇಡಿ.

ಅಂಕ ಕೂಡಿಸಿ ಉತ್ತರ ಕೊಡುವ ಓಸಾ ಎಂಬ ಸರಳ ವಿಧಾನ ವಿದ್ಯಾರ್ಥಿಗಳಿಗೆ ಬಲು ಇಷ್ಟ. ಅದಕ್ಕೆ ಗೊತ್ತಿರುವುದು ಅಮೆರಿಕದ ಕಪ್ಪು ಜನ, ಬಿಳಿ ಜನ ಎಂಬ ಎರಡೇ ಗುಂಪು. ಮುದ್ದೇಬಿಹಾಳದ ಬುರುಡೆ ಹಾಕಿದರೂ ಎರಡರಲ್ಲಿ ಒಂದು ಬಂದೇ ಬರುತ್ತದೆ. ಬಳಸಬೇಡಿ.

ಹಂತ 10: ಅಳತೆ ಮತ್ತು ಸಾಫ್ಟ್‌ವೇರ್

ಪ್ರತಿ ಅಳತೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ತೆಗೆಯಿರಿ. ಮೂಗಿನ ರಂಧ್ರದಂಥ ಸಣ್ಣ ಅಳತೆಯಲ್ಲಿ 1 ಮಿ.ಮೀ. ಎಷ್ಟು ಭಾರ ಎಂದು ನೋಡಿ. ಮೂಗಿನ ಸೂಚ್ಯಂಕ ಎಂದರೆ ಅಗಲವನ್ನು ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿದ್ದು. ಅಗಲ 25, ಎತ್ತರ 50 ಇದ್ದರೆ 50, ಅಂದರೆ ಮಧ್ಯಮ ವರ್ಗ (47ರಿಂದ 50.9). ಅಗಲ 26 ಎಂದು ಓದಿದರೆ 52, ಅಗಲ ಮೂಗಿನ ವರ್ಗ. ಸವೆದ ಅಂಚಿನ ಬುರುಡೆಯಲ್ಲಿ ಒಂದು ಮಿ.ಮೀ. ಯಾವ ಲೆಕ್ಕ! ಮೂಗಿನ ರಂಧ್ರದ ಅಗಲ ಹವಾಮಾನಕ್ಕೂ ತಕ್ಕಂತೆ ಬದಲಾಗುವುದರಿಂದ, ಅದೊಂದನ್ನೇ ಹಿಡಿದು ವಂಶಮೂಲ ಹೇಳುವುದು ಹೇಗೂ ಸಲ್ಲದು.

ಅರ್ಧ ರಂಧ್ರ ಉಳಿದಿದ್ದು ನಡುಗೆರೆ ಸ್ಪಷ್ಟವಿದ್ದರೆ ಅಳೆದು ದ್ವಿಗುಣ ಮಾಡಬಹುದು, ಆದರೆ ಪಕ್ಕದಲ್ಲಿ ‘ಅಂದಾಜು’ ಎಂದು ಬರೆದು ಸಾಫ್ಟ್‌ವೇರಿಗೆ ಕೊಡದಿರಿ. ಇಲ್ಲದ ಅಳತೆಗೆ ಸರಾಸರಿ ತುಂಬುವುದಂತೂ ಕೂಡದು. ಯಾವ ಗುಂಪಿನ ಸರಾಸರಿ ತುಂಬಿದಿರೋ ಬುರುಡೆ ಅದೇ ಗುಂಪಿನ ಕಡೆ ವಾಲುತ್ತದೆ.

ಅಳತೆಗಳನ್ನು ಗೊತ್ತಿರುವ ಗುಂಪುಗಳ ಜೊತೆ ಹೋಲಿಸುವ ಫೋರ್ಡಿಸ್ಕ್ ಎಂಬ ಸಾಫ್ಟ್‌ವೇರ್ ಬಳಸುವವರು ಮೂರು ವಿಷಯ ನೋಡಬೇಕು. ಮೊದಲನೆಯದು ಅಳತೆಗಳ ಸಂಖ್ಯೆ: ಹೋಲಿಕೆಯ ಅತಿ ಚಿಕ್ಕ ಗುಂಪಿನ ಮೂರನೇ ಒಂದಕ್ಕಿಂತ ಹೆಚ್ಚಿರಬಾರದು. ಆ ಗುಂಪಿನಲ್ಲಿ 36 ಬುರುಡೆಗಳಿದ್ದರೆ ಗರಿಷ್ಠ 12 ಅಳತೆ. ಎರಡನೆಯದು ಪೋಸ್ಟೀರಿಯರ್ ಸಂಭವನೀಯತೆ: ನೀವು ಆಯ್ದ ಗುಂಪುಗಳಲ್ಲೇ ಯಾವುದು ಹತ್ತಿರ ಎಂದಷ್ಟೇ ಅದು ಹೇಳುತ್ತದೆ, ಎಲ್ಲ ಸೇರಿ ಯಾವಾಗಲೂ 1 ಆಗುತ್ತದೆ. ಮೂರನೆಯದು ಟಿಪಿಕ್ಯಾಲಿಟಿ: ಈ ಬುರುಡೆ ಆ ಗುಂಪಿಗೆ ಸೇರಿದ್ದೇ ಆದರೆ ಎಷ್ಟು ಸಹಜ ಎಂಬುದು. ಇದು 0.05ಕ್ಕಿಂತ ಕೆಳಗಿದ್ದರೆ ಪೋಸ್ಟೀರಿಯರ್ 0.95 ಇದ್ದರೂ ನಂಬಬೇಡಿ.

ಬಿಳಿಜೋಳದ ಕಾಳು ಹಿಡಿದು, ಗೋಧಿ, ಭತ್ತ, ಮೆಕ್ಕೆಜೋಳದ ಮೂರೇ ಚೀಲ ತೋರಿಸಿ ಯಾವುದಕ್ಕೆ ಸೇರಿದ್ದು ಎಂದರೆ ಯಂತ್ರ ಒಂದು ಚೀಲ ಹೇಳಿಯೇ ಹೇಳುತ್ತದೆ. ಫೋರ್ಡಿಸ್ಕಿನ ವಿಧಿವಿಜ್ಞಾನ ಸಂಗ್ರಹದಲ್ಲಿ ಭಾರತೀಯರ ಗುಂಪಿಲ್ಲ. ಅದರಲ್ಲೇ ಇರುವ, ಜಗತ್ತಿನ ನಾನಾ ಕಡೆಯ ಬುರುಡೆಗಳ ಅಳತೆಯ ಹೋವೆಲ್ಸ್ ಸಂಗ್ರಹದಲ್ಲಿ ಅಂಡಮಾನ್ ದ್ವೀಪವಾಸಿಗಳಿದ್ದಾರೆ, ಭಾರತದ ಮುಖ್ಯಭೂಮಿಯವರಿಲ್ಲ. ಹಾಗಾಗಿ ಸ್ಥಳೀಯ ಬುರುಡೆಗೆ ‘ಬಿಳಿ’, ‘ಹಿಸ್ಪಾನಿಕ್’, ‘ಈಜಿಪ್ಟ್’ ಎಂಬಂಥ ಉತ್ತರ ಬಂದರೆ ಅದು ಶೋಧವಲ್ಲ, ಚೀಲ ಇಲ್ಲದ್ದರ ಪರಿಣಾಮ.

ಎಚ್ಚರಿಕೆ: ಒಂದು ಅಳತೆ ತೆಗೆದುಹಾಕಿದ ಕೂಡಲೇ ಉತ್ತರ ಬೇರೆ ಗುಂಪಿಗೆ ಜಿಗಿದರೆ, ಆ ಉತ್ತರವನ್ನು ಹೊತ್ತಿರುವುದು ಒಂದೇ ಅಳತೆ. ಅದನ್ನು ಮತ್ತೆ ತೆಗೆಯಿರಿ. ಆಗಲೂ ಜಿಗಿದರೆ ‘ನಿರ್ಧರಿಸಲಾಗದು’.

ಹಂತ 11: ಬೆಳೆದ ನೆಲದ ಸುಳಿವು

ತನಿಖೆಗೆ ಇದು ಎಷ್ಟೋ ಸಲ ವಂಶಮೂಲಕ್ಕಿಂತ ಹೆಚ್ಚು ಉಪಯೋಗ. ಮೂರನೇ ದವಡೆಹಲ್ಲು ಬಿಟ್ಟು ಉಳಿದ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು 8 ವರ್ಷದೊಳಗೆ ರೂಪುಗೊಳ್ಳುತ್ತದೆ. ಆ ವಯಸ್ಸಿನಲ್ಲಿ ಕುಡಿದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ (ಕುಡಿಯುವ ನೀರಿನ ಅನುಮತಿ ಮಿತಿ ಲೀಟರಿಗೆ 1.5 ಮಿ.ಗ್ರಾಂ) ಹಲ್ಲಿನಲ್ಲಿ ಸುಣ್ಣದಂಥ ಗೆರೆ, ಕಂದು ಮಚ್ಚೆ, ಕುಳಿ ಉಳಿಯುತ್ತದೆ. ಎಡ-ಬಲ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಇದ್ದು ಎನಾಮಲಿಗೆ ಸೀಮಿತವಾಗಿದ್ದರೆ ಫ್ಲೋರೋಸಿಸ್. ಬೇರಿಗೂ ಹಬ್ಬಿದ್ದರೆ ಮಣ್ಣಿನ ಕಲೆ, ಹಲ್ಲಿನ ಕುತ್ತಿಗೆ ಮತ್ತು ಒಳಮೈಯಲ್ಲಿ ಗಟ್ಟಿ ಕಂದು ಪದರವಿದ್ದರೆ ಎಲೆ-ಅಡಿಕೆ, ಗುಟ್ಕಾ. ಫ್ಲೋರೈಡ್ ನೀರಿನ ಪ್ರದೇಶ ತೆಲಂಗಾಣ, ರಾಜಸ್ಥಾನದಲ್ಲೂ ಇದೆ ಎಂಬುದು ನೆನಪಿರಲಿ.

ಎನಾಮಲಿನಲ್ಲಿ ಸ್ಟ್ರಾಂಶಿಯಂ-87 ಮತ್ತು ಸ್ಟ್ರಾಂಶಿಯಂ-86 ಐಸೊಟೋಪುಗಳ ಅನುಪಾತ ನೋಡುವುದು ಇನ್ನೊಂದು ದಾರಿ. ವಿಜಯಪುರದ ದಖನ್ ಬಸಾಲ್ಟ್ ನೆಲದಲ್ಲಿ ಈ ಅನುಪಾತ ಕಡಿಮೆ, ಇಳಕಲ್ಲಿನಂಥ ಗ್ರಾನೈಟ್ ನೆಲದಲ್ಲಿ ಹೆಚ್ಚು. ಆದರೆ ಹೋಲಿಕೆಗೆ ಆಯಾ ನೆಲದ ಮಣ್ಣು, ಗಿಡಗಳ ಮಾದರಿಯೂ ಬೇಕು, ಹಲ್ಲು ಒಂದನ್ನೇ ಕಳಿಸಿದರೆ ಬರೀ ಸಂಖ್ಯೆ ಬರುತ್ತದೆ.

ಹಂತ 12: ವರದಿಯ ಮಾತು

ಸಿಕ್ಕ ಭಾಗಗಳು, ಬಳಸಿದ ವಿಧಾನ, ಬಿಟ್ಟ ಲಕ್ಷಣ ಮತ್ತು ಬಿಟ್ಟ ಕಾರಣ, ಆಮೇಲೆ ಅಭಿಪ್ರಾಯ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 39ರಡಿ ನಿಮ್ಮದು ತಜ್ಞರ ಅಭಿಪ್ರಾಯ. ಪಾಟೀಸವಾಲಿನಲ್ಲಿ ವಕೀಲರು ಮೊದಲು ಕೇಳುವುದೇ ‘ಈ ವಿಧಾನವನ್ನು ಭಾರತೀಯ ಬುರುಡೆಗಳ ಮೇಲೆ ಪರೀಕ್ಷಿಸಲಾಗಿದೆಯೇ?’ ಎಂದು.

‘ಪಟ್ಟಿಯ 11ರಲ್ಲಿ 4 ಲಕ್ಷಣಗಳಿಗೆ ಮಾತ್ರ ಅಂಕ ನೀಡಲಾಗಿದೆ. ಹೋಲಿಕೆ ಸಂಗ್ರಹದಲ್ಲಿ ಸೂಕ್ತ ಗುಂಪಿಲ್ಲ. ವಂಶಮೂಲ ನಿರ್ಧರಿಸಲಾಗದು. ಈ ಆಧಾರದ ಮೇಲೆ ಯಾರನ್ನೂ ಕಾಣೆಯಾದವರ ಪಟ್ಟಿಯಿಂದ ಕೈಬಿಡಬಾರದು.’ ಇಷ್ಟು ಬರೆದರೆ ಅದು ಸೋಲಲ್ಲ. ಕೊನೆಯ ವಾಕ್ಯವನ್ನು ತಪ್ಪದೆ ಸೇರಿಸಿ. ಕಬ್ಬು ಕಡಿಯಲು, ಇಟ್ಟಿಗೆ ಸುಡಲು, ಕಟ್ಟಡದ ಕೆಲಸಕ್ಕೆ ಈ ಮೂರು ಜಿಲ್ಲೆಗಳಿಗೆ ಮಹಾರಾಷ್ಟ್ರ, ಬಿಹಾರ, ಒಡಿಶಾದಿಂದ ಜನ ಬರುತ್ತಾರೆ. ಅವರಲ್ಲಿ ಯಾರು ಎಲ್ಲಿಯವರೆಂದು ಕೆನ್ನೆ ಎಲುಬು ಹೇಳುವುದಿಲ್ಲ.

ಖಾನಾಪುರದ ಕಾಡಂಚಿನ ಪ್ರಕರಣಗಳಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅಲ್ಲಿ ವಾಸಿಸುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಆದರೆ ವಂಶವಾಹಿ ಅಧ್ಯಯನಗಳಲ್ಲಿ ಭಾರತೀಯ ಮೂಲದ ಪಾಲೂ ಕಂಡಿದೆ. ಅಗಲ ಮೂಗಿನ ರಂಧ್ರ, ಹೊಸ್ತಿಲಿಲ್ಲದ ಕೆಳಅಂಚು ಬೇರೆ ಸಮುದಾಯಗಳವರಲ್ಲೂ ಧಾರಾಳವಾಗಿ ಸಿಗುತ್ತದೆ. ಒಂದೆರಡು ಲಕ್ಷಣ ಹಿಡಿದು ಸಮುದಾಯದ ಹೆಸರು ಬರೆದರೆ ಪೊಲೀಸರು ನಾಲ್ಕು ಮನೆಗಳ ಬಾಗಿಲು ತಟ್ಟುತ್ತಾರೆ, ನಿಜವಾದ ಮನೆಯವರು ಇನ್ನೆಲ್ಲೋ ಕಾಯುತ್ತಿರುತ್ತಾರೆ.

ಮುಂದೆ ಡಿಎನ್‌ಎ ಅಥವಾ ಫೋಟೊ ಹೊಂದಾಣಿಕೆಯಿಂದ ಗುರುತು ಸಿಕ್ಕರೆ ಮೊದಲ ವರದಿಯನ್ನು ತಿದ್ದಬೇಡಿ. ಹೊಸ ದಿನಾಂಕ ಹಾಕಿ ಪೂರಕ ವರದಿ ಕೊಡಿ. ಅಂಕಪಟ್ಟಿ, ಮೂರೂ ಸಲದ ಅಳತೆ, ಕಾಂಟೂರ್ ಗೆರೆಯ ಕಾಗದ ಮೂಲಪ್ರತಿಯಲ್ಲೇ ಕಡತದಲ್ಲಿರಲಿ.